ಪಕ್ಕದ ಮೇಜಿನ ಧ್ವನಿ

"ಕಳ್ಳಿ ಅಂತ ಹೇಳೋಕೇ ಕರೆಸಿದ್ರೆ ಇಲ್ಲೇ ಮೆಟ್ಟಿಲ ಮೇಲೇ ಹೇಳ್ಬಿಡಿ ಮೇಡಂ. ಮೇಲೆ ಹತ್ತೋ ಕಷ್ಟ ಆದ್ರೂ ತಪ್ಪುತ್ತೆ."

ನರ್ಸ್ ಹಾಗೆಂದು ಮೆಟ್ಟಿಲ ತಿರುವಿನಲ್ಲೇ ನಿಂತುಬಿಟ್ಟಳು. ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದವಳ ಕೈಗಳಿಂದ ಇನ್ನೂ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು. ಅವಳ ಹಿಂದೆ ಅವಳ ಅಣ್ಣ, ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಯಾರಿಗೆ ಮೊದಲು ಬಾರಿಸಲಿ ಎಂದು ಯೋಚಿಸುವವನಂತೆ ನಿಂತಿದ್ದ.

"ನಾನೆಲ್ಲಮ್ಮ ಹಾಗಂದೆ?" ಎಂದಳು ಜರಡಿ.

"ನಿಮ್ಮ ಕಚೇರಿ ಅಂತು. ಈಮೇಲಲ್ಲಿ, ದಪ್ಪ ಅಕ್ಷರದಲ್ಲಿ."

ಜರಡಿ ಅವಳ ಹೆಸರಲ್ಲ. ವಿದೇಶಕ್ಕೆ ಓದಲು ಹೋಗುವವರಿಗೆ ಇಂಗ್ಲಿಷ್ ಪರೀಕ್ಷೆ ನಡೆಸುವ ಸಂಸ್ಥೆಯಲ್ಲಿ ಅವಳು ತನಿಖಾಧಿಕಾರಿ. ಅದಕ್ಕೂ ಮೊದಲು ಪ್ರಯೋಗಾಲಯದಲ್ಲಿ ಕೂತು ಸದ್ದುಗಳನ್ನು ಅಳೆಯುತ್ತಿದ್ದವಳು. ಸೋಸದೆ ಒಂದು ಮಾತನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಜೊತೆಯವರು ಇಟ್ಟ ಅಡ್ಡಹೆಸರು ಅದು. ಈಗ ಅವಳ ಅಧಿಕಾರಿಗಳೂ ಹಾಗೇ ಕರೆಯುತ್ತಿದ್ದರು, ಬೈಯುವಾಗ ಮಾತ್ರ ಸ್ವಲ್ಪ ಒತ್ತಿ.

ಪರೀಕ್ಷೆಯ ಮಾತಿನ ಭಾಗದಲ್ಲಿ ಅಂಕ ತೀರಾ ಕಡಿಮೆ ಬಂತು ಎಂದು ನರ್ಸ್ ದೂರು ಕೊಟ್ಟಿದ್ದಳು. ಮರುಪರಿಶೀಲನೆಗೆ ಧ್ವನಿ ಕೇಳಿದರೆ ಅದು ಅವಳ ಧ್ವನಿಯೇ ಅಲ್ಲ. ದೂರು ಕೊಟ್ಟವಳೇ ಆರೋಪಿಯಾಗಿಬಿಟ್ಟಿದ್ದಳು.

ಸಂಜೆಯೊಳಗೆ ಜರಡಿಯ ವರದಿ ಹೋಗಬೇಕು. ಬೇರೆಯವರನ್ನು ಕೂರಿಸಿ ಪರೀಕ್ಷೆ ಬರೆಸಿದ್ದಾಳೆ ಎಂದಾದರೆ ನರ್ಸ್ ಮತ್ತೆ ವರ್ಷಗಟ್ಟಲೆ ಈ ಪರೀಕ್ಷೆಯ ಹತ್ತಿರ ಸುಳಿಯುವಂತಿಲ್ಲ. ಹೊರದೇಶದ ನರ್ಸಿಂಗ್ ಕಾಲೇಜು ಅವಳಿಗಾಗಿ ಹಿಡಿದಿಟ್ಟ ಸೀಟು ನಾಳೆ ಇನ್ನೊಬ್ಬರ ಪಾಲು.

"ಪಾಸ್‌ಪೋರ್ಟ್ ತಂದಿದ್ದೀರಾ? ಪರೀಕ್ಷೆ ದಿನ ತೋರಿಸಿದ್ದು ಅದೇನಾ ಅಂತ ನಾನು ಕಣ್ಣಾರೆ ನೋಡ್ಬೇಕು. ಅದಿಲ್ದೆ ನನ್ನ ವರದಿಗೆ ಬೆಲೆ ಇಲ್ಲ."

"ಅಣ್ಣನ ಹತ್ರ ಇದೆ. ನಮ್ಮನೇಲಿ ಇಂಥದ್ದೆಲ್ಲ ಅವನೇ ಇಟ್ಕೊಳ್ಳೋದು."

ಅಣ್ಣ ಅಂಗಿಯ ಜೇಬು ತಟ್ಟಿದ. "ಮೊದ್ಲು ನಿಮ್ಮ ತನಿಖೆ ಏನು ಅಂತ ನೋಡೋಣ. ಆಮೇಲೆ ಪಾಸ್‌ಪೋರ್ಟು. ನಿಮ್ಮಂಥೋರ ಕೈಗೆ ಸುಮ್‌ಸುಮ್ನೆ ಕೊಟ್ಟು ಕೂರೋಕೆ ನಾವೇನು ಕಿವಿಗೆ ಹೂವು ಇಟ್ಕೊಂಡಿದ್ದೀವಾ?"

"ಅವತ್ತು ನೀವೂ ಮೇಲೆ ಬಂದಿದ್ರಾ?"

"ನಾನ್ಯಾಕೆ ಬರ್ಲಿ? ಗೇಟಲ್ಲಿ ಬಿಟ್ಟು ಕೆಲಸಕ್ಕೆ ಹೋದೆ."

"ಹೌದು ಮೇಡಂ, ಗೇಟಿಂದಾನೇ ಹೋದ," ಎಂದಳು ತಂಗಿ. "ಅವನನ್ನೂ ಎಳೀಬೇಡಿ ಇದ್ರಲ್ಲಿ."

ಮೇಲಿನ ಮಹಡಿಯ ಕೊನೆಗೆ ಪರೀಕ್ಷಾ ಹಾಲು. ಜರಡಿ ಹಿಡಿ ಒತ್ತಿ ಬಾಗಿಲು ದೂಡಿದಳು. ಅದು ಜಗ್ಗಲಿಲ್ಲ. ಭುಜ ಕೊಟ್ಟಳು. ಆಗಲೂ ಇಲ್ಲ.

"ಸರೀರಿ ಸ್ವಲ್ಪ," ಎಂದು ಅಣ್ಣ ಮುಂದೆ ಬಂದ. ಹಿಡಿಯನ್ನು ಮೇಲಕ್ಕೆತ್ತಿ, ಮೊಣಕಾಲಿನಿಂದ ಕೆಳಗಡೆ ಸಣ್ಣಗೆ ತಾಗಿಸಿದ. ಬಾಗಿಲು ಬೆಣ್ಣೆಯಂತೆ ಸರಿಯಿತು.

"ಥ್ಯಾಂಕ್ಸ್," ಎಂದಳು ಜರಡಿ.

"ನಿಮ್ಮ ಕೇಂದ್ರದ ಬಾಗಿಲೂ ನಿಮ್ಮ ಫಲಿತಾಂಶದ ಹಾಗೇ. ಒದ್ರೇನೇ ತೆಗೆಯೋದು."

ಒಳಗೆ ಸಾಲು ಸಾಲು ಕಂಪ್ಯೂಟರು. ಎರಡೆರಡು ಮೇಜಿನ ನಡುವೆ ತಲೆಯೆತ್ತರದ ಹಲಗೆ. ಪ್ರತಿ ಹಲಗೆಯಲ್ಲೂ ಒಂದು ಕೊಕ್ಕೆ, ಕೊಕ್ಕೆಯಲ್ಲಿ ಮೈಕ್ ಇರುವ ಹೆಡ್‌ಫೋನು. ಮೂಲೆಯಲ್ಲಿ ಎ.ಸಿ.ಯಿಂದ ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು.

"ಚಪ್ಪಲಿ ಹೊರಗೆ! ಫೋನು ಲಾಕರಲ್ಲಿ! ಸೈಲೆನ್ಸ್!"

ಹಾಲಿನ ಮ್ಯಾನೇಜರು. ಪರೀಕ್ಷೆಗೆ ಬಂದವರೆಲ್ಲ ಬೆನ್ನ ಹಿಂದೆ ಅವನನ್ನು ಸೈಲೆನ್ಸ್ ಎಂದೇ ಕರೆಯುತ್ತಿದ್ದರು. ಖಾಲಿ ಹಾಲಿನಲ್ಲೂ ಅವನಿಗೆ ಆ ಚಾಳಿ ಬಿಟ್ಟಿರಲಿಲ್ಲ.

"ಇವತ್ತು ಪರೀಕ್ಷೆ ಇಲ್ಲ ಸಾರ್," ಎಂದಳು ಜರಡಿ.

"ನಿಯಮ ಇದೆಯಲ್ಲ? ನೀವು ಹೆಡ್ಡಾಫೀಸಿನೋರು ಅಂತ ಧೂಳು ನಿಮ್ಮ ಚಪ್ಪಲೀಲಿ ಕೂರಲ್ವಾ?" ಅವನು ಅಣ್ಣ ತಂಗಿಯನ್ನು ಅಡಿಯಿಂದ ಮುಡಿವರೆಗೆ ನೋಡಿದ. "ಇವಳನ್ನ ಮತ್ತೆ ಒಳಗೆ ಕರ್ಕೊಂಡು ಬಂದ್ರಾ? ಇವರ್ಯಾರು?"

"ಅವಳ ಅಣ್ಣ."

"ಬಾಡಿಗೆಗೆ ಮಾತಾಡೋಳನ್ನ ತಂದು ಕೂರಿಸುವಾಗ ಎಲ್ಲಿದ್ರಂತೆ ಅಣ್ಣಾವ್ರು?"

ನರ್ಸಿನ ಮುಖ ಕೆಂಪಾಯಿತು. "ಬಾಯಿಗೆ ಬಂದಿದ್ದು ಮಾತಾಡ್ಬೇಡಿ. ಬಾಗಿಲಲ್ಲಿ ಫೋಟೋ ತೆಗೆದವರು ನೀವು, ಬೆರಳಚ್ಚು ಹಿಡಿದವರು ನೀವು. ನನ್ನ ಬದಲಿಗೆ ಇನ್ನೊಬ್ಳು ಎಲ್ಲಿಂದ ತೂರಿ ಬಂದ್ಲು? ಎ.ಸಿ. ಪೈಪಿಂದಲಾ?"

"ಅದನ್ನ ನೀನೇ ಹೇಳ್ಬೇಕು."

"ಸೈಲೆನ್ಸ್," ಎಂದಳು ಜರಡಿ.

ಆ ಶಬ್ದವನ್ನು ಇನ್ನೊಬ್ಬರ ಬಾಯಿಂದ ಕೇಳಿ ಮ್ಯಾನೇಜರಿಗೇ ಕಸಿವಿಸಿಯಾಯಿತು.

ಜರಡಿ ಲ್ಯಾಪ್‌ಟಾಪ್ ತೆರೆದಳು. "ಎರಡು ದಿವಸದಿಂದ ನನ್ನ ತಲೆ ತಿಂತಿರೋದು ಒಂದೇ ಪ್ರಶ್ನೆ. ಕಳ್ಳತನಕ್ಕೆ ಇಳಿದೋಳು ತನಗಿಂತ ಚೆನ್ನಾಗಿ ಮಾತಾಡೋಳನ್ನ ಹುಡುಕ್ಕೊಂಡು ಬರ್ತಾಳೆ. ಈಕೆಯ ಫೈಲಲ್ಲಿರೋ ಹುಡುಗಿ ತಡವರಿಸ್ತಾಳೆ, ನುಂಗ್ತಾಳೆ. ನರ್ಸಮ್ಮನ ಇಂಗ್ಲಿಷ್ ಅದಕ್ಕಿಂತ ಎಷ್ಟೋ ಪಾಲು ವಾಸಿ. ತನಗಿಂತ ದಡ್ಡಿನ ಯಾರಾದ್ರೂ ಕರ್ಕೊಂಡು ಬರ್ತಾರಾ?"

"ಕಳ್ಳರಲ್ಲೂ ಪೆದ್ದರಿರ್ತಾರೆ," ಎಂದ ಮ್ಯಾನೇಜರು.

"ಇರ್ತಾರೆ. ಅದಕ್ಕೇ ಈ ಹಾಲಿಗೆ ಬಂದೆ."

ಈ ಪರೀಕ್ಷೆಯನ್ನು ಹೊರಗಿನವರು ಒಂದು ದೊಡ್ಡ ಅಂಕ ಎಂದುಕೊಳ್ಳುತ್ತಾರೆ. ನಿಜಕ್ಕೂ ಅದು ನಾಲ್ಕು ತೂಕಗಳ ತಕ್ಕಡಿ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು. ಒಟ್ಟು ಎಷ್ಟೇ ಇರಲಿ, ಅನೇಕ ಕಾಲೇಜುಗಳು ಪ್ರತಿ ಭಾಗಕ್ಕೂ ಬೇರೆ ಬೇರೆ ಗೆರೆ ಎಳೆದಿರುತ್ತವೆ. ರೋಗಿಯ ಜೊತೆ ಮಾತಾಡಬೇಕಾದವಳಿಗೆ ಮಾತಿನ ಗೆರೆ ಇನ್ನೂ ಮೇಲೆ. ನರ್ಸ್ ಮೂರರಲ್ಲಿ ಸಲೀಸಾಗಿ ದಾಟಿ ಆ ನಾಲ್ಕನೆಯದರಲ್ಲಿ ಮುಳುಗಿದ್ದಳು. ಅವಳನ್ನು ಮುಳುಗಿಸಬೇಕೆಂದು ಹೊರಟವನಿಗೆ ಆ ಒಂದು ತೂಕ ಸರಿಸಿದರೆ ಸಾಕಿತ್ತು. ಈ ಯೋಚನೆ ಜರಡಿಗೆ ಬಂದಿತ್ತು; ಆದರೆ ಅಂಥ ಹಗೆ ಯಾರಿಗಿರುತ್ತದೆ ಎಂದು ಅವಳೇ ಅದನ್ನು ಪಕ್ಕಕ್ಕಿಟ್ಟಿದ್ದಳು. ಅವಳ ಅಂಕ ಕದಿಯಲು ಪಕ್ಕದ ಮೇಜಿನಲ್ಲಿ ಯಾರೋ ಕೂತಿದ್ದರೆಂದರೆ ಲೆಕ್ಕ ಸುಲಭವಾಗಿ ಕೂರುತ್ತಿತ್ತು.

"ಮೊದ್ಲು ಇದನ್ನ ಕೇಳಿ. ಬೆಳಿಗ್ಗೆ, ಶುರುವಾಗೋ ಮುಂಚೆ, ಮೈಕ್ ಪರೀಕ್ಷೆಗೆ ನಿಮ್ಮ ಊರಿನ ಬಗ್ಗೆ ಏನಾದ್ರೂ ಹೇಳಿ ಅಂತಾರಲ್ಲ, ಅದು."

ಲ್ಯಾಪ್‌ಟಾಪಿನಿಂದ ನರ್ಸಿನ ಧ್ವನಿ ಬಂತು. ತಿಳಿಯಾದ, ಆತುರವಿಲ್ಲದ ಇಂಗ್ಲಿಷು.

"ಇದು ನಾನು!" ಎಂದಳು ನರ್ಸ್.

"ಇದು ನೀವು. ಇದಾದ ಮೇಲೆ ಕೇಳೋ ಭಾಗ, ಓದೋ ಭಾಗ. ಆಮೇಲೆ ವಿರಾಮ. ವಿರಾಮದ ನಂತರ ಮಾತಿನ ಭಾಗ."

ಜರಡಿ ಇನ್ನೊಂದು ಒತ್ತಿದಳು. ಬೀಪ್ ಎಂದ ಕೂಡಲೇ ಬೇರೊಬ್ಬ ಹುಡುಗಿಯ ಧ್ವನಿ, ವಾಕ್ಯದ ನಡುವಿನಿಂದ, ಓಡುವ ಬಸ್ಸಿಗೆ ಹಾರಿ ಹತ್ತಿದ ಹಾಗೆ. ತಡವರಿಸುತ್ತಾ ಸಾಗಿ ಮುಗಿಯಿತು. ಆಮೇಲೆ ಸುಮ್ಮನೆ ಮೌನ. ಮತ್ತೆ ಬೀಪ್.

"ಪ್ರತಿ ಉತ್ತರಾನೂ ಹೀಗೇ," ಎಂದಳು ಜರಡಿ. "ತಲೆ ಇಲ್ಲ, ಕೊನೇಲಿ ಮಾತ್ರ ಖಾಲಿ ಜಾಗ. ತಲೆ ಎಷ್ಟು ಕತ್ತರಿಸಿ ಹೋಗಿದೆಯೋ ಖಾಲಿ ಜಾಗಾನೂ ಅಷ್ಟೇ. ಈಗ ಮಾತಾಡಿ ಅನ್ನೋ ಬೀಪ್‌ಗೆ ಮುಂಚೆ ಯಾರಾದ್ರೂ ಮಾತು ಶುರು ಮಾಡ್ತಾರಾ?"

"ಗಾಬರಿ ಆಗಿರ್ಬೋದು," ಎಂದ ಮ್ಯಾನೇಜರು.

"ಒಂದ್ಸಲ ಆಗ್ಬೋದು. ಎಲ್ಲ ಉತ್ತರಕ್ಕೂ ಒಂದೇ ಅಳತೇಲಿ ಯಾರೂ ಗಾಬರಿ ಆಗಲ್ಲ ಸಾರ್. ಈ ಹುಡುಗಿ ಸರಿಯಾಗೇ ಬೀಪ್ ಕೇಳಿಸ್ಕೊಂಡು ಮಾತಾಡ್ತಿದ್ದಾಳೆ. ಆದ್ರೆ ಅವಳು ಕೇಳ್ತಿರೋ ಬೀಪು ಬೇರೆ ಕಂಪ್ಯೂಟರಿಂದು."

ಎ.ಸಿ. ಬಕೆಟ್ಟಿಗೆ ತೊಟ್ಟಿಕ್ಕಿತು. ಅಣ್ಣ ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ದಾಟಿಸಿದ.

"ನರ್ಸಮ್ಮ, ಅವತ್ತು ಕೂತ ಜಾಗದಲ್ಲೇ ಕೂತ್ಕೊಳ್ಳಿ. ವಿರಾಮ ಮುಗಿಸಿ ಬಂದು ಏನೇನು ಮಾಡಿದ್ರೋ ಹಾಗೇ ಮಾಡಿ. ಯೋಚನೆ ಮಾಡ್ಬೇಡಿ, ಕೈ ಮಾಡ್ಲಿ."

"ನಾಟಕ ಬೇರೆ ಆಡ್ಬೇಕಾ?"

"ಹೂಂ. ಸೀಟು ಬೇಕು ಅಂದ್ರೆ ಆಡ್ಬೇಕು."

ನರ್ಸ್ ಹಲ್ಲು ಕಚ್ಚಿಕೊಂಡು ಹೋಗಿ ಕೂತಳು. ಕೊಕ್ಕೆಯಿಂದ ಹೆಡ್‌ಫೋನ್ ತೆಗೆದಳು. ಮೇಜಿನ ಮೇಲಿದ್ದ ಟಿಶ್ಯೂ ಎಳೆದು ಕಿವಿಯ ಮೆತ್ತೆಗಳನ್ನು ಒಂದಾದ ಮೇಲೊಂದು ಸುತ್ತಿ ಸುತ್ತಿ ಒರೆಸಿದಳು. ಮೈಕನ್ನು ತಿಕ್ಕಿದಳು. ಆಮೇಲೆ ತಲೆಗೆ ಹಾಕಿಕೊಂಡಳು.

"ಅವತ್ತೂ ಹೀಗೇ ಒರೆಸಿದ್ರಾ?"

"ಏನನ್ನ?" ಅವಳು ತನ್ನ ಕೈಯಲ್ಲಿದ್ದ ಟಿಶ್ಯೂವನ್ನು ಆಗಷ್ಟೇ ಕಂಡವಳಂತೆ ನೋಡಿದಳು. "ಓ, ಇದಾ. ಅಭ್ಯಾಸ ಮೇಡಂ. ಯಾರ್ಯಾರ ಕಿವಿಗೋ ತಾಗಿದ್ದನ್ನ ಹಾಗೇ ಹೇಗೆ ಹಾಕ್ಕೊಳ್ಳೋದು? ನಮ್ಮ ವಾರ್ಡಲ್ಲಿ ಸ್ಟೆತಸ್ಕೋಪ್ ಒರೆಸ್ದೆ ಇಟ್ರೆ ಹಿರಿಯ ಸಿಸ್ಟರು ಜೀವ ತೆಗೀತಾರೆ."

"ಬೆಳಿಗ್ಗೇನೂ ಒರೆಸಿದ್ರಿ, ಅಲ್ವಾ? ವಿರಾಮದ ಮೇಲೆ ಮತ್ತ್ಯಾಕೆ? ನಡುವೆ ಬಳಸಿದ್ದು ನೀವೊಬ್ರೇ ತಾನೆ?"

ನರ್ಸ್ ಖಾಲಿ ಕೊಕ್ಕೆಯತ್ತ ನೋಡಿದಳು. ಅವಳ ಹುಬ್ಬು ಗಂಟಿಕ್ಕಿತು.

"ಕೊಕ್ಕೆಗೆ ಹಾಕಿ ಹೋಗಿದ್ದೆ," ಎಂದಳು ನಿಧಾನಕ್ಕೆ. "ಬಂದು ನೋಡಿದ್ರೆ ಮೇಜಿನ ಮೇಲೆ ಬಿದ್ದಿತ್ತು. ಯಾರೋ ಮುಟ್ಟಿದ್ದಾರೆ ಅನ್ನಿಸ್ತು. ಅದಕ್ಕೇ."

ಜರಡಿ ಮ್ಯಾನೇಜರ ಕಡೆ ತಿರುಗಲಿಲ್ಲ. ತಿರುಗದೆಯೂ ಅವನ ಕೈಯ ಬೀಗದ ಕೈ ಗೊಂಚಲಿನ ಕಿಣಿಕಿಣಿ ನಿಂತದ್ದು ಅವಳಿಗೆ ಕೇಳಿಸಿತು.

"ಆಮೇಲೆ ಮಾತಿನ ಭಾಗ ಶುರು ಮಾಡೋ ಬಟನ್ ಒತ್ತಿ ಅಂತ ಯಾರು ಹೇಳಿದ್ದು?"

"ಇವರೇ. ನನಗೂ ಪಕ್ಕದೋಳಿಗೂ. 'ಇಬ್ರೂ ಒಟ್ಟಿಗೆ ಒತ್ತಿ, ಇಲ್ಲಾಂದ್ರೆ ಮಷೀನು ಹ್ಯಾಂಗ್ ಆಗುತ್ತೆ' ಅಂದ್ರು. ಅವಳು ಅಂದ ತಕ್ಷಣ ಒತ್ತಿದ್ಲು. ನಾನು ಒರೆಸ್ತಾ ಇದ್ದೆ. ಇವರು ಬೇರೆ ಬೈದ್ರು. 'ಮದುವೆಗೆ ಅಲಂಕಾರ ಮಾಡ್ಕೊಳ್ತಿದ್ದೀಯಾ, ಒತ್ತಮ್ಮ ಬೇಗ' ಅಂತ."

"ಬೇರೆ ಯಾರಿಗಾದ್ರೂ ಒಟ್ಟಿಗೆ ಒತ್ತಿ ಅಂದ್ರಾ?"

"ಇಲ್ಲ. ಉಳಿದವರು ಅವರವರ ಪಾಡಿಗೆ ಒತ್ಕೊಂಡ್ರು."

ಜರಡಿ ಮಂಡಿಯೂರಿ ಮೇಜಿನ ಹಿಂದೆ ತಲೆ ಹಾಕಿದಳು. ಎರಡು ಕಂಪ್ಯೂಟರುಗಳ ಬೆನ್ನು ಅಕ್ಕಪಕ್ಕ. ಪ್ರತಿ ಹೆಡ್‌ಫೋನಿನಿಂದ ಎರಡು ವೈರು. ಕಿವಿಯದ್ದರ ತುದಿಗೆ ಹಸಿರು ಪಿನ್ನು, ಮೈಕಿನದ್ದಕ್ಕೆ ಗುಲಾಬಿ. ಹಲಗೆಯ ಕೆಳಗಿನ ಸಂದಿಯಲ್ಲಿ ಎರಡೂ ಮೇಜಿನ ವೈರುಗಳು ಒಂದೇ ಕಟ್ಟಿನಲ್ಲಿ ಹೋಗುತ್ತಿದ್ದವು. ಯಾವುದು ಯಾರದೆಂದು ತಿಳಿಯಲು ಹೆಡ್‌ಫೋನನ್ನೇ ಕೈಗೆ ತೆಗೆದುಕೊಂಡು ಎಳೆದು ನೋಡಬೇಕು. ಬೇರೆ ದಾರಿಯೇ ಇಲ್ಲ.

ಅವಳು ಎದ್ದು ಮೊಣಕಾಲಿನ ಧೂಳು ಕೊಡವಿದಳು.

"ಸೈಲೆನ್ಸ್ ಸಾರ್, ವಿರಾಮದಲ್ಲಿ ಎಲ್ರನ್ನೂ ಹೊರಗೆ ಕಳಿಸಿ ಬೀಗ ಹಾಕ್ತೀರಿ. ಬೀಗದ ಕೈ ನಿಮ್ಮ ಹತ್ರ ಮಾತ್ರ. ಹಸಿರು ಪಿನ್ನು ಎರಡೂ ಹಾಗೇ ಬಿಟ್ರಿ. ಗುಲಾಬಿ ಪಿನ್ನು ಮಾತ್ರ ಅದಲು ಬದಲು ಮಾಡಿದ್ರಿ. ಈಕೆಗೆ ತನ್ನ ಪ್ರಶ್ನೆ ತನ್ನ ಕಿವೀಲಿ ಸರಿಯಾಗೇ ಕೇಳಿಸ್ತು. ಮಾತು ಮಾತ್ರ ಪಕ್ಕದ ಮಷೀನಿಗೆ ಹೋಯ್ತು. ಪಕ್ಕದೋಳ ಮಾತು ಈಕೆಯ ಮಷೀನಿಗೆ ಬಂತು. ಅವತ್ತು ಹಾಲಿಗೆಲ್ಲ ಒಂದೇ ಪ್ರಶ್ನೆ, ಹಾಗಾಗಿ ಉತ್ತರ ಎಲ್ಲಿ ಹೋದ್ರೂ ಅಂಕ ಹಾಕೋರಿಗೆ ಅನುಮಾನ ಬರಲ್ಲ. ಇಬ್ಬರ ಗಡಿಯಾರ ಒಟ್ಟಿಗೆ ಓಡಿದ್ರೆ ಸಾಕು."

"ಕಥೆ ಚೆನ್ನಾಗಿ ಹೆಣೀತೀರಿ."

"ಆದ್ರೆ ಗಡಿಯಾರ ಒಟ್ಟಿಗೆ ಓಡ್ಲಿಲ್ಲ. ನೀವು ವೈರು ಹುಡುಕೋಕೆ ಹೆಡ್‌ಫೋನ್ ಇಳಿಸಿದ್ರಿ, ವಾಪಸ್ ಕೊಕ್ಕೆಗೆ ಹಾಕೋದು ಮರೆತ್ರಿ. ಮರೆತಿದ್ದಕ್ಕೆ ಈಕೆ ಒರೆಸೋಕೆ ಕೂತ್ಲು. ಒರೆಸೋಕೆ ಕೂತಿದ್ದಕ್ಕೆ ಗಡಿಯಾರ ತಪ್ತು. ಬೇರೆ ಯಾರೇ ಆಗಿದ್ರೂ ನೀವು ಅಂದ ಕೂಡ್ಲೇ ಒತ್ತಿರ್ತಿದ್ರು, ನಾವ್ಯಾರೂ ಇಲ್ಲಿ ನಿಂತಿರ್ತಿರಲಿಲ್ಲ."

"ಸಾಕ್ಷಿ?" ಮ್ಯಾನೇಜರು ಕುರ್ಚಿ ಎಳೆದು ಕೂತ. ಕಾಲ ಮೇಲೆ ಕಾಲು. "ಕಸ ಗುಡಿಸೋಳು ವೈರು ಎಳೆದಿರ್ತಾಳೆ. ನಿಮ್ಮಂಥೋರನ್ನ ಎಷ್ಟು ಜನ ನೋಡಿಲ್ಲ ನಾನು? ವರ್ಷಕ್ಕೊಬ್ರು ಬರ್ತಾರೆ, ಚಹಾ ಕುಡೀತಾರೆ, ಹೋಗ್ತಾರೆ."

"ಚಹಾ ನೀವು ಕೊಡ್ಲಿಲ್ಲವಲ್ಲ," ಎಂದು ಜರಡಿ ಲ್ಯಾಪ್‌ಟಾಪಿನತ್ತ ಬಾಗಿದಳು. ಬೆಳಿಗ್ಗೆಯೇ ಅವಳು ಪಕ್ಕದ ಮೇಜಿನ ಫೈಲು ಕೇಳಿದ್ದಳು. ದೊಡ್ಡ ಕಚೇರಿ ಬೇಕೋ ಬೇಡವೋ ಎಂಬಂತೆ ಈಗ ಕಳಿಸಿತ್ತು.

"ಒತ್ತಿದ ಕೂಡಲೇ ಮಷೀನು ಕೆಲವು ಕ್ಷಣ ಸುಮ್ನಿದ್ದು ಹಾಲಿನ ಗದ್ದಲ ಅಳೆಯುತ್ತೆ. ಅಳೆದಿದ್ದನ್ನ ಎಸೆಯಲ್ಲ, ಫೈಲಲ್ಲೇ ಇಟ್ಕೊಳ್ಳುತ್ತೆ. ಇದು ನಿಮಗೆ ಗೊತ್ತಿಲ್ಲ ಅನ್ಸುತ್ತೆ."

ಅವಳು ಒತ್ತಿದಳು.

ಮೊದಲು ಏನೂ ಇಲ್ಲ. ಆಮೇಲೆ ಒಂದು ಸದ್ದು. ಕರ್, ಕರ್, ಕರ್. ಒಣ ಟಿಶ್ಯೂ ಮೈಕಿನ ಮೇಲೆ ಸುತ್ತಿ ಸುತ್ತಿ ಉಜ್ಜುವ ಸದ್ದು. ಹಿನ್ನೆಲೆಯಲ್ಲಿ ಸಣ್ಣಗೆ, ಆದರೆ ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ, ಮ್ಯಾನೇಜರ ಧ್ವನಿ: "ಮದುವೆಗೆ ಅಲಂಕಾರ ಮಾಡ್ಕೊಳ್ತಿದ್ದೀಯಾ, ಒತ್ತಮ್ಮ ಬೇಗ."

ನಂತರ ಬೀಪ್. ಒಂದಿಷ್ಟು ಮೌನ. ಮೌನದ ಆಚೆ, ತಿಳಿಯಾಗಿ, ನರ್ಸಿನ ಇಂಗ್ಲಿಷು.

ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. ಇಷ್ಟು ಹೊತ್ತು ಬಿಗಿಹಿಡಿದಿದ್ದ ಕಣ್ಣೀರು ಈಗ ಇಳಿಯಿತು. "ಅಣ್ಣಾ, ಕೇಳಿದ್ಯಾ? ನಾನು ಹೇಳ್ಲಿಲ್ವಾ? ನಾನು ಚೆನ್ನಾಗಿ ಮಾತಾಡಿದ್ದೆ ಕಣೋ!"

ಅಣ್ಣ ಅವಳ ಕಡೆ ನೋಡಲಿಲ್ಲ. ಎರಡೇ ದಾಪುಗಾಲಿಗೆ ಮ್ಯಾನೇಜರ ಹತ್ತಿರ ಹೋಗಿ ಕೊರಳಪಟ್ಟಿ ಹಿಡಿದ. "ನನ್ನ ತಂಗಿ ಬಾಳಲ್ಲಿ ಆಟ ಆಡ್ತೀರೇನ್ರೀ? ಹೂತು ಹಾಕ್ಬಿಡ್ತೀನಿ!"

ಮ್ಯಾನೇಜರು ಏಳಲಿಲ್ಲ. ಕೊರಳಪಟ್ಟಿ ಹಿಡಿದ ಕೈಯನ್ನು ನೋಡಿದ, ಆಮೇಲೆ ಮುಖವನ್ನು. ತುಟಿಯ ಒಂದು ಮೂಲೆ ಮಾತ್ರ ನಕ್ಕಿತು.

"ಕೈ ತೆಗಿಯೋ," ಎಂದ ಮೆಲ್ಲಗೆ.

ಅಣ್ಣನ ಕೈ ತಾನಾಗಿ ಸಡಿಲಿತು. "ಇಂಥವನ ಹತ್ರ ಎಂಥ ಮಾತು," ಎಂದು ಹೆಲ್ಮೆಟ್ ಎತ್ತಿಕೊಂಡ. "ಪೊಲೀಸರನ್ನ ಕರೀರಿ ಮೇಡಂ. ನಾನು ಕೆಳಗೆ ಗಾಡಿ ತೆಗೆದಿಟ್ಟಿರ್ತೀನಿ, ನೀನು ಬಾ." ಹಿಡಿ ಮೇಲಕ್ಕೆತ್ತಿ, ಮೊಣಕಾಲು ತಾಗಿಸಿ, ಹೊರಗೆ ಹೋದ.

ಜರಡಿ ಮ್ಯಾನೇಜರ ಎದುರು ನಿಂತಳು. "ಪಕ್ಕದ ಹುಡುಗಿ ಯಾರು? ನಿಮಗೇನಾಗ್ಬೇಕು?"

"ಅವಳಾ?" ಅವನು ಕೊರಳಪಟ್ಟಿ ಸರಿಮಾಡಿಕೊಂಡ. "ಅವಳಿಗೆ ಇದರ ಗಂಧಗಾಳಿಯೂ ಇಲ್ಲ. ಅವಳ ಮುಖ ಕೂಡ ನನಗೆ ನೆನಪಿಲ್ಲ. ಬೆಳಿಗ್ಗೆ ಮೈಕ್ ಪರೀಕ್ಷೇಲಿ ತಡವರಿಸ್ತಿದ್ಲು, ಪಕ್ಕದಲ್ಲೇ ಕೂತಿದ್ಲು. ಅಷ್ಟು ಸಾಕಿತ್ತು."

"ಮತ್ತೆ ಯಾರಿಗೆ ಅಂಕ ಕೊಡ್ಸೋಕೆ ಮಾಡಿದ್ರಿ?"

"ಅಂಕ ಕೊಡ್ಸೋಕೆ ಅಂತ ಯಾರು ಹೇಳಿದ್ದು? ಇಷ್ಟೆಲ್ಲ ಸೋಸಿದ್ರಿ, ದೊಡ್ಡ ಕಲ್ಲೇ ಉಳಿಸ್ಕೊಂಡ್ರಲ್ಲ ಜರಡಿಯಮ್ಮ." ಅವನು ನರ್ಸಿನತ್ತ ಗಲ್ಲ ಎತ್ತಿದ. "ಈಕೆ ಹೋಗ್ಬಾರ್ದು. ನನಗೆ ಹೇಳಿದ್ದು ಅಷ್ಟೇ. ಇಲ್ಲಿ ಬಂದು, ಈ ಕುರ್ಚೀಲಿ ಕೂತು ಹೇಳಿದ್ದು."

"ಯಾರು?" ಎಂದಳು ನರ್ಸ್. "ಯಾರು ಹೇಳಿದ್ದು? ಬೊಗಳ್ರೀ!"

ಜರಡಿಯ ಕಣ್ಣು ಬಾಗಿಲ ಮೇಲಿತ್ತು. ಎಂದೂ ಮೇಲೆ ಬಾರದವನ ಕೈಗೆ ಆ ಹಿಡಿಯ ಮರ್ಮ ತಿಳಿದದ್ದು ಹೇಗೆ? ಎದುರಿಗಿದ್ದದ್ದನ್ನು ನೋಡಿ ಥ್ಯಾಂಕ್ಸ್ ಬೇರೆ ಹೇಳಿದ್ದಳು.

"ನರ್ಸಮ್ಮ, ಪಾಸ್‌ಪೋರ್ಟು?"

"ಹೇಳಿದ್ನಲ್ಲ, ಅಣ್ಣನ ಜೇಬಲ್ಲಿ..."

ಕೆಳಗೆ ಬೈಕು ಶುರುವಾಯಿತು. ಗರ್ ಎಂದು ಏರಿ, ಗೇಟಿನ ಹತ್ತಿರ ಒಮ್ಮೆ ತೊದಲಿ, ಆಮೇಲೆ ಅದರ ಸ್ವರ ತಗ್ಗತೊಡಗಿತು.

"ಗಾಡಿ ತಿರುಗಿಸ್ತಿದ್ದಾನೆ," ಎಂದಳು ನರ್ಸ್. ಅವಳ ಮುಖದಲ್ಲಿ ಇನ್ನೂ ಅದೇ ಒದ್ದೆ ನಗು ಇತ್ತು. "ನನಗಾಗಿ ಕಾಯ್ತಾನೆ."

ಜರಡಿ ಅರ್ಧ ಆಯುಷ್ಯ ಸದ್ದುಗಳನ್ನು ಅಳೆದವಳು. ನಿಂತಲ್ಲೇ ತಿರುಗುವ ಗಾಡಿಯ ಸ್ವರ ಬದಲಾಗುವುದಿಲ್ಲ. ನಮ್ಮಿಂದ ದೂರ ಓಡುವುದರ ಸ್ವರ ಮಾತ್ರ ಹೀಗೆ ತಗ್ಗುತ್ತದೆ.

ಅವಳು ಬಾಗಿಲಿಗೆ ಓಡಿ ಹಿಡಿ ಒತ್ತಿ ಎಳೆದಳು. ಅದು ಜಗ್ಗಲಿಲ್ಲ.